ನಮ್ಮ ಕಪಾಟಿನಲ್ಲಿ ಸೆರೆಯಾಗಿರುವ ಕನ್ನಡ

ವಿಜಯನಗರದಲ್ಲಿ ಕೋಣೆ ಹಿಡಿದು ಸ್ಪರ್ಧಾ ಪರೀಕ್ಷೆಗಳಿಗೆ ಓದಿಕೊಳ್ಳುತ್ತಿರುವ ತರುಣನೊಬ್ಬನು ಕಳೆದ ತಿಂಗಳು ರಾಜಾಜಿನಗರದ ನಮ್ಮ ಕಚೇರಿಗೆ ಬಂದನು. 2000ನೆಯ ಇಸವಿಯ ಜುಲೈ 30ರಂದು ಗಾಜನೂರಿನಿಂದ ಡಾ. ರಾಜಕುಮಾರರ ಅಪಹರಣವಾದುದು ಮೊದಲ್ಗೊಂಡು 108 ದಿನಗಳ ತರುವಾಯ ಅವರು ಬಿಡುಗಡೆ ಹೊಂದುವವರೆಗೆ ಬೆಂಗಳೂರಿನ ಪಶ್ಚಿಮ ಭಾಗದ ಬೀದಿಗಳಲ್ಲಿ ಏನೇನು ನಡೆಯಿತೆಂಬುದು ಅವನಿಗೆ ಬೇಕಾಗಿದ್ದಿತು. "ಸಾರ್, ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದದ್ದು ಎಷ್ಟೋ ನನ್ನ ಮೊಬೈಲಿನಲ್ಲಿಯೇ ಸಿಕ್ಕಿತು. ನಿಮ್ಮ ಪತ್ರಿಕೆಯದು ಒಂದು ಸಾಲೂ ಸಿಗಲಿಲ್ಲ. ಆ ಕಾಲದಲ್ಲಿ ನೀವು ಬರೆಯಲೇ ಇಲ್ಲವೆ?" ಎಂದು ಅವನು ಕೇಳಿದನು. ಕುಚೋದ್ಯಕ್ಕಾಗಿ ಕೇಳಿದ ಮಾತಲ್ಲ. ಅಂತರಜಾಲದಲ್ಲಿ ಇಲ್ಲದುದು ಎಲ್ಲಿಯೂ ಇಲ್ಲವೆಂದು ನಂಬಿ ಬೆಳೆದ ತಲೆಮಾರಿನವನು ಅವನು.

ನಾವು ಬರೆಯದೆ ಇರಲಿಲ್ಲ. ಆಗ ನಮ್ಮ ತೀರ್ಥರೂಪರು ಸಂಪಾದಕರಾಗಿದ್ದರು. ನಾವು ಸೈಕಲ್ಲಿನ ಮೇಲೆ ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದವರೆಗೆ ಮುಚ್ಚಿದ ಅಂಗಡಿಗಳನ್ನು ಎಣಿಸುತ್ತಾ ಹೋಗಿ, ರಾತ್ರಿ ಹನ್ನೊಂದಕ್ಕೆ ಸುದ್ದಿ ಕೊಟ್ಟುದೂ ಉಂಟು. ಆ 108 ದಿನಗಳ ಪುಟಗಳೆಲ್ಲವೂ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಸಿ.ಡಿ.ಗಳ ರೂಪದಲ್ಲಿ ಭದ್ರವಾಗಿವೆಯೆಂದು ತರುಣನಿಗೆ ಹೆಮ್ಮೆಯಿಂದ ಹೇಳಿ, ಒಂದನ್ನು ತೆಗೆದು ಗಣಕದಲ್ಲಿ ಹಾಕಿಸಿದೆವು. ತೆರೆಯ ಮೇಲೆ ಕನ್ನಡವು ಬರಲಿಲ್ಲ. ಇಂಗ್ಲಿಷಿನ ಪಿ ಅಕ್ಷರ, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆಯನ್ನು ಹೊತ್ತ ಎ ಅಕ್ಷರ, ಅದರಾಚೆ ಬ್ರಿಟಿಷರ ಪೌಂಡು ನಾಣ್ಯದ ಗುರುತು, ಹೀಗೆ ಪುಟದ ತುಂಬಾ ಹುಳು ಹರಿದಂತೆ ಕಂಡಿತು. ಅಂತಹ ಗುರುತುಗಳು ಸೇರಿ 'ಕನ್ನಡ' ಎಂಬ ಮಾತೆಂದು ನಮ್ಮ ಪುಟ ಕಟ್ಟುವವರು ತಿಳಿಸಿದರು. ಸ್ವಾತಂತ್ರ್ಯ ಬಂದು ಐವತ್ತು ವರ್ಷಗಳಾದ ಮೇಲೆಯೂ ಕನ್ನಡವೆಂಬ ಪದದ ನಟ್ಟನಡುವೆ ಪೌಂಡಿನ ಗುರುತು ಕುಳಿತಿದ್ದುದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇದು ಹೇಗಾಯಿತೆಂಬುದನ್ನು ವಾಚಕರಿಗೆ ವಿವರಿಸುವುದು ಅವಶ್ಯ. ಗಣಕಕ್ಕೆ ಅಕ್ಷರಗಳು ತಿಳಿಯವು, ಅಂಕಿಗಳು ಮಾತ್ರ ತಿಳಿಯುವುವು. ಯಾವ ಅಂಕಿಗೆ ಯಾವ ಅಕ್ಷರವೆಂಬುದು ಮನುಷ್ಯರು ಮಾಡಿಕೊಂಡ ಕರಾರು. ಮೊದಲಲ್ಲಿ ಈ ಕರಾರಿನಲ್ಲಿ ಇಂಗ್ಲಿಷಿಗೂ ಯೂರೋಪಿನ ಕೆಲವು ಭಾಷೆಗಳಿಗೂ ಮಾತ್ರ ಸ್ಥಳವಿದ್ದಿತು. ನಮ್ಮವರು ಏನು ಮಾಡಿದರೆಂದರೆ, ಆ ಅಂಕಿಗಳನ್ನು ಹಾಗೆಯೇ ಬಿಟ್ಟು ಚಿತ್ರಗಳನ್ನು ಮಾತ್ರ ಬದಲಾಯಿಸಿದರು. ಪಿ ಎಂದಿದ್ದ ಮನೆಯ ಬಾಗಿಲಿಗೆ ಕ ಎಂಬ ಫಲಕವನ್ನು ತಗುಲಿಹಾಕಿದರು. ಫಲಕವಿರುವವರೆಗೆ ಓದುವವನಿಗೆ ಅದು ಕನ್ನಡ. ಫಾಂಟ್ ಎಂಬ ಆ ಫಲಕವು ಹೋದರೆ ಒಳಗಿರುವುದು ಇಂಗ್ಲಿಷಿನ ಗೊಂದಲ. ಆ ಕಾಲಕ್ಕೆ ಅದು ಬುದ್ಧಿವಂತಿಕೆಯ ಉಪಾಯವೇ ಆಗಿದ್ದಿತು. ಅದಿಲ್ಲದಿದ್ದರೆ ನಾವು ಮೊಳೆ ಜೋಡಿಸುವುದನ್ನು ಬಿಟ್ಟು ಗಣಕಕ್ಕೆ ಬರುವುದೇ ಆಗುತ್ತಿರಲಿಲ್ಲವಾದುದರಿಂದ ಅದನ್ನು ಮಾಡಿದವರನ್ನು ನಾವು ಹಳಿಯುವುದಿಲ್ಲ. ಆದರೆ ಪ್ರತಿಯೊಬ್ಬ ವ್ಯಾಪಾರಿಯೂ ತನ್ನದೇ ಫಲಕಗಳನ್ನು ತನ್ನದೇ ಕ್ರಮದಲ್ಲಿ ತಗುಲಿಹಾಕಿದನು. ನಾವು 1997ರಲ್ಲಿ ಕೊಂಡ ತಂತ್ರಾಂಶವು ಡಾಂಗಲ್ ಎಂಬ ಒಂದು ಸಣ್ಣ ಬೀಗದ ಕೈಯನ್ನು ಗಣಕದ ಹಿಂದೆ ಸಿಕ್ಕಿಸದೆ ಕೆಲಸ ಮಾಡುತ್ತಿರಲಿಲ್ಲ. ಅದನ್ನು ಮಾರಿದವರು ಅಂಗಡಿ ಮುಚ್ಚಿದರು. ಬೀಗದ ಕೈ ಕೆಟ್ಟಿತು. ನಮ್ಮ ದುಡ್ಡು, ನಮ್ಮ ಸುದ್ದಿ, ನಮ್ಮ ಭಾಷೆ. ಓದುವ ಹಕ್ಕು ಮಾತ್ರ ನಮ್ಮದಾಗಿ ಉಳಿಯಲಿಲ್ಲ.

ಈ ಅನರ್ಥಕ್ಕೆ ಪರಿಹಾರವು ಅಷ್ಟರಲ್ಲಿಯೇ ಹುಟ್ಟಿದ್ದಿತೆಂಬುದು ನಾಚಿಕೆಯ ಸಂಗತಿ. ಲೋಕದ ಎಲ್ಲ ಲಿಪಿಗಳಿಗೂ ಒಂದೇ ಕರಾರು ಇರತಕ್ಕದ್ದೆಂದು ಯೂನಿಕೋಡ್ ಎಂಬ ವ್ಯವಸ್ಥೆಯು 1991ರಲ್ಲಿ ಪ್ರಕಟವಾದಾಗ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಬೀದಿಯೊಂದು ದೊರೆಯಿತು. ಅದರಲ್ಲಿ ಕಕಾರದ ಮನೆಯ ಅಂಕಿ 3221. ಈ ಅಂಕಿಯು ಬೆಂಗಳೂರಿನಲ್ಲಿಯೂ ಬೋಸ್ಟನ್ನಿನಲ್ಲಿಯೂ ಕಕಾರವೇ. ಯಾವ ವ್ಯಾಪಾರಿಯ ಬೀಗದ ಕೈಯೂ ಬೇಕಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಸಾಮಾನ್ಯರ ಗಣಕಕ್ಕೂ ಈ ಕನ್ನಡ ಬಂದಿತು. ನಾವಾದರೋ, ನಮ್ಮಂತಹ ಅನೇಕ ಅಚ್ಚುಕೂಟದವರಂತೆ, ಹಳೆಯ ಫಲಕಗಳನ್ನೇ ಮತ್ತೆ ಹತ್ತು ಹನ್ನೆರಡು ವರ್ಷ ನೆಚ್ಚಿಕೊಂಡು ಕುಳಿತೆವು. ಕಾಗದದ ಮೇಲೆ ಚೆನ್ನಾಗಿ ಮೂಡಿದರೆ ಸಾಕು, ಒಳಗೆ ಏನಿದ್ದರೇನು ಎಂಬುದು ನಮ್ಮ ವಾದವಾಗಿದ್ದಿತು.

ಕನ್ನಡವು ಗಣಕಕ್ಕೆ ಬಂದ ಚರಿತ್ರೆಯನ್ನು ನೋಡಿದರೆ, ದೊಡ್ಡ ದೊಡ್ಡ ಕಂಪನಿಗಳಿಗಿಂತಲೂ ಒಂಟಿಯಾಗಿ ಕುಳಿತು ದುಡಿದ ವ್ಯಕ್ತಿಗಳೇ ಅದರಲ್ಲಿ ಮೊದಲಿಗರಾಗಿ ಕಾಣುವರು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಶ್ರೀ ಕೆ.ಪಿ. ರಾಯರು ಕನ್ನಡಕ್ಕೊಂದು ಕೀಲಿಮಣೆಯ ಕ್ರಮವನ್ನು ರೂಪಿಸಿದರು. ಇಂಗ್ಲಿಷಿನ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್. ಇಷ್ಟರಲ್ಲಿ ಕಾಗುಣಿತವೆಲ್ಲವೂ ಅಡಗಿದೆ. ಟೈಪ್‌ರೈಟರಿನ ಕನ್ನಡವನ್ನು ತಿಂಗಳುಗಟ್ಟಲೆ ಕಲಿತು ಬೆರಳು ನೋಯಿಸಿಕೊಂಡಿದ್ದ ನಾವು ಇದನ್ನು ಎರಡು ದಿನಗಳಲ್ಲಿ ಕಲಿತೆವು. ರಾಯರು ಈ ಕ್ರಮಕ್ಕೆ ರಾಯಧನವನ್ನು ಬೇಡಲಿಲ್ಲ, ನಾಡಿಗೆ ಬಿಟ್ಟುಕೊಟ್ಟರು. ಮುಂದೆ ಸರ್ಕಾರವು ಒಪ್ಪಿದ ಕೀಲಿಮಣೆಗೂ, ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ 'ನುಡಿ'ಗೂ ಅದೇ ತಳಹದಿ. 1998ರಲ್ಲಿ ಶ್ರೀ ಶೇಷಾದ್ರಿವಾಸು ಅವರು 'ಬರಹ'ವನ್ನು ಮಾಡಿ ಉಚಿತವಾಗಿ ಹಂಚಿದರು. ಹೊರನಾಡಿನ ಎಷ್ಟೋ ಕನ್ನಡಿಗರು ಊರಿಗೆ ಕನ್ನಡದಲ್ಲಿ ಪತ್ರ ಬರೆದುದು ಅದರಿಂದಲೇ. ಕನ್ನಡ ತಂತ್ರಾಂಶಕ್ಕಾಗಿ ಸರ್ಕಾರದವರನ್ನು ಎಡೆಬಿಡದೆ ಎಚ್ಚರಿಸುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ಒಬ್ಬ ಕಾದಂಬರಿಕಾರನು ಅಕ್ಷರಗಳ ಅಂಕಿಗಳಿಗಾಗಿ ಇಷ್ಟೇಕೆ ಹೋರಾಡುತ್ತಾನೆಂದು ಆಗ ನಮಗೆ ಅರ್ಥವಾಗಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ತಂತ್ರಾಂಶ ಬರೆಯುವವರಲ್ಲಿ ಒಂದು ವಿಚಿತ್ರವಾದ ಆಚಾರವುಂಟು. ಹೊರಗಿನವರಾದ ನಮಗೆ ಅವರ ಸಂಬಳ, ಕಾರು, ವಿದೇಶ ಪ್ರಯಾಣಗಳು ಮಾತ್ರ ಕಾಣುವುವು, ಇದು ಕಾಣದು. ಹಗಲು ಕಂಪನಿಯ ಕೆಲಸ ಮಾಡಿದವನು ರಾತ್ರಿ ತನ್ನ ಸ್ವಂತ ಸಂತೋಷಕ್ಕಾಗಿ ಇನ್ನೊಂದನ್ನು ಬರೆದು, ಅದರ ಒಳಮರ್ಮವನ್ನೆಲ್ಲಾ ಬಿಚ್ಚಿ ಲೋಕದ ಮುಂದೆ ಇಡುತ್ತಾನೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ತಿದ್ದಿದುದನ್ನು ಹಂಚಬಹುದು. ಅಮೆರಿಕದ ಸ್ಟಾಲ್ಮನ್ ಎಂಬವರು 1983ರಲ್ಲಿ ಇದನ್ನೊಂದು ಚಳವಳಿಯಾಗಿ ಮಾಡಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಟೋರ್ವಾಲ್ಡ್ಸ್ ಎಂಬವರು ಆರಂಭಿಸಿದ ಲಿನಕ್ಸ್ ಇಂದು ನಮ್ಮ ನಿಮ್ಮ ಆಂಡ್ರಾಯ್ಡ್ ಫೋನುಗಳ ಹೊಟ್ಟೆಯೊಳಗಿದೆ. ನಾವು ಪಾಠಶಾಲೆಯಲ್ಲಿ ನೆಲದ ಮೇಲೆ ಕುಳಿತು ಅಮರಕೋಶವನ್ನು ಬಾಯಿಪಾಠ ಮಾಡಿ, ಮೆಟ್ರಿಕ್ಯುಲೇಷನ್ನಿಗೆ ಓದು ಮುಗಿಸಿದವರು. ನಮ್ಮ ಉಪಾಧ್ಯಾಯರು ಶ್ಲೋಕವೊಂದಕ್ಕೆ ಇಷ್ಟು ಕಾಸೆಂದು ಲೆಕ್ಕ ಹಾಕುತ್ತಿರಲಿಲ್ಲವಾದುದರಿಂದ ಈ ಆಚಾರವು ನಮಗೆ ಅಪರಿಚಿತವೆನಿಸಲಿಲ್ಲ. ಉಚಿತವಾಗಿ ಕೊಟ್ಟುದರ ಮೇಲೆ ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಸಂಪಾದಿಸುತ್ತವೆ, ಕೊಟ್ಟವನಿಗೆ ಎಷ್ಟೋ ವೇಳೆ ಒಂದು ನಮಸ್ಕಾರವೂ ಸಲ್ಲುವುದಿಲ್ಲವೆಂಬ ದೂರು ಅವರಲ್ಲಿಯೇ ಇದೆ, ಅದೂ ದಿಟವೇ.

ಈ ಆಚಾರದಿಂದ ಕನ್ನಡಕ್ಕೆ ಬಂದ ಲಾಭಕ್ಕೆ ಒಂದು ನಿದರ್ಶನವನ್ನು ಹೇಳದೆ ಮುಂದೆ ಹೋಗಲಾರೆವು. ಶ್ರೀ ವಿ. ಕೃಷ್ಣ ಎಂಬವರು ನಾಲ್ಕು ದಶಕಗಳ ಕಾಲ ಒಬ್ಬರೇ ಕುಳಿತು ಕನ್ನಡ-ಇಂಗ್ಲಿಷ್ ನಿಘಂಟನ್ನು ರಚಿಸಿದರು. ಸುಮಾರು ಒಂದೂವರೆ ಲಕ್ಷ ಪದಗಳು. ಕಿಟ್ಟೆಲರ ನಿಘಂಟು 1894ರಲ್ಲಿ ಬಾಸೆಲ್ ಮಿಷನ್ನಿನ ಆಶ್ರಯದಲ್ಲಿ ಅಚ್ಚಾಯಿತು; ಈ ಮಹನೀಯರ ಹಿಂದೆ ಯಾವ ಮಿಷನ್ನೂ ಇರಲಿಲ್ಲ. 2019ರಲ್ಲಿ ಶ್ರೀ ಕೈಲಾಶ್ ನಾಧ್ ಎಂಬ ತಂತ್ರಾಂಶ ತಜ್ಞರ ನೆರವಿನಿಂದ ಅದು 'ಅಲರ್' ಎಂಬ ಹೆಸರಿನಲ್ಲಿ ಅಂತರಜಾಲಕ್ಕೆ ಬಂದಿತು. ನೋಡಲು ದುಡ್ಡಿಲ್ಲವೆಂಬುದು ದೊಡ್ಡದಲ್ಲ. ಇಡೀ ನಿಘಂಟನ್ನೇ ಇಳಿಸಿಕೊಂಡು ಬೇರೊಬ್ಬನು ತನ್ನ ಉಪಕರಣದಲ್ಲಿ ಬಳಸಲೂ ಅನುಮತಿಯುಂಟು, ಅದು ದೊಡ್ಡದು. ನಾಲ್ಕು ದಶಕಗಳ ದುಡಿಮೆಯನ್ನು ಹೀಗೆ ಕೊಟ್ಟವರ ಮುಂದೆ, ಹಳೆಯ ಸಂಪಾದಕೀಯಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ನಾವು ಏನೆನ್ನಿಸಿಕೊಳ್ಳಬೇಕು?

2021ರ ಜೂನ್ 3ರ ದಿನವನ್ನು ವಾಚಕರು ಮರೆತಿರಲಾರರು. ಭಾರತದ ಕುರೂಪವಾದ ಭಾಷೆ ಯಾವುದೆಂಬ ದುಷ್ಟ ಪ್ರಶ್ನೆಗೆ ಗೂಗಲ್ ಯಂತ್ರವು ಕನ್ನಡವೆಂದು ಉತ್ತರ ಕೊಟ್ಟಿತು. ನಾಡೆಲ್ಲವೂ ಕೆರಳಿತು, ಮಂತ್ರಿಗಳು ಕಾನೂನಿನ ಮಾತನ್ನಾಡಿದರು, ಕಂಪನಿಯು ಕ್ಷಮೆ ಬೇಡಿತು. ನಮ್ಮ ಪತ್ರಿಕೆಯೂ ಉಗ್ರವಾದ ಲೇಖನವನ್ನು ಬರೆಯಿತು. ಅದನ್ನು ಬರೆದವರು ನಾವೇ. ಕೋಪವು ನ್ಯಾಯವಾದುದೇ. ಆದರೆ ಮೂಲೆಯಲ್ಲಿದ್ದ ಯಾವುದೋ ಒಂದು ಪುಟದಿಂದ ಯಂತ್ರವು ಆ ಮಾತನ್ನು ಹೆಕ್ಕಿಕೊಂಡಿದ್ದಿತಷ್ಟೆ. ಅದಕ್ಕೆ ಸ್ವಂತ ಅಭಿಪ್ರಾಯವಿಲ್ಲ. ತನಗೆ ದೊರೆತುದನ್ನು ಅದು ಹೇಳುವುದು. ಕನ್ನಡದ ವಿಷಯದಲ್ಲಿ ಅದಕ್ಕೆ ದೊರೆಯಬೇಕಾದುದನ್ನು ದೊರೆಯಗೊಡದೆ ಇಟ್ಟವರು ಯಾರು ಎಂಬ ಪ್ರಶ್ನೆಯನ್ನು ಆ ದಿನ ನಾವು ಕೇಳಿಕೊಳ್ಳಲಿಲ್ಲ.

ಈಗ ಕೃತಕ ಬುದ್ಧಿಮತ್ತೆಯ ಕಾಲ. ಲೋಕದ ಬರಹವನ್ನೆಲ್ಲಾ ನುಂಗಿ ಮಾತನಾಡಲು ಕಲಿಯುವ ಯಂತ್ರಗಳು ಬಂದಿವೆ. ಅಂತರಜಾಲದ ತಾಣಗಳಲ್ಲಿ ಸುಮಾರು ಅರ್ಧದಷ್ಟು ಇಂಗ್ಲಿಷಿನವು; ಕನ್ನಡದ ಪಾಲನ್ನು ಶೇಕಡಾ ಲೆಕ್ಕದಲ್ಲಿ ಹೇಳಲು ಹೊರಟರೆ ಸೊನ್ನೆಯ ಮುಂದೆ ಚುಕ್ಕೆ ಇಡಬೇಕಾಗುವುದು. 2011ರ ಜನಗಣತಿಯಲ್ಲಿ ಕನ್ನಡವು ತಾಯ್ನುಡಿಯೆಂದವರು 4 ಕೋಟಿ 37 ಲಕ್ಷ. ಮಲೆಯಾಳವೆಂದವರು 3 ಕೋಟಿ 48 ಲಕ್ಷ. ಆದರೆ ವಿಕಿಪೀಡಿಯ ಎಂಬ ಸಾರ್ವಜನಿಕ ವಿಶ್ವಕೋಶದಲ್ಲಿ ಮಲೆಯಾಳದ ಲೇಖನಗಳು ಎಂಬತ್ತು ಸಾವಿರವನ್ನು ದಾಟಿದ್ದರೆ, 2003ರಲ್ಲಿ ಆರಂಭವಾದ ಕನ್ನಡದ ವಿಕಿಪೀಡಿಯದಲ್ಲಿ ಅದರ ಅರ್ಧವೂ ಇಲ್ಲ. ಕೇರಳದಲ್ಲಿ ತಂತ್ರಾಂಶದ ತರುಣರು ಸ್ವತಂತ್ರ ಮಲೆಯಾಳಂ ಕಂಪ್ಯೂಟಿಂಗ್ ಎಂಬ ಕೂಟವನ್ನು ಕಟ್ಟಿ, ಅಕ್ಷರಶೈಲಿಗಳನ್ನೂ ಉಪಕರಣಗಳನ್ನೂ ಇಪ್ಪತ್ತು ವರ್ಷಗಳಿಂದ ಮಾಡಿ ಹಂಚುತ್ತಿರುವರು. ಅವರಲ್ಲಿ ಬೆಂಗಳೂರಿನಂತಹ ತಂತ್ರಾಂಶ ರಾಜಧಾನಿಯಿಲ್ಲ. ನಮ್ಮಲ್ಲಿದೆ!

ಕನ್ನಡದಲ್ಲಿ ಏನೂ ಆಗಿಲ್ಲವೆಂದು ಹೇಳಿದರೆ ದುಡಿದವರಿಗೆ ದ್ರೋಹವಾದೀತು. ಇಪ್ಪತ್ತು ಸಾವಿರಕ್ಕೂ ಮಿಗಿಲಾದ ವಚನಗಳನ್ನು ಪದಪದವಾಗಿ ಹುಡುಕಬಹುದಾದ 'ವಚನ ಸಂಚಯ'ವನ್ನು ಸಾಹಿತಿಗಳೂ ತಂತ್ರಾಂಶದವರೂ ಸೇರಿ ಕಟ್ಟಿದರು. ಬಸವೇಶ್ವರನಗರದಲ್ಲಿ ಕುಳಿತ ನಿವೃತ್ತ ಉಪಾಧ್ಯಾಯರೊಬ್ಬರು ಬಸವಣ್ಣನವರು ಒಂದು ಪದವನ್ನು ಎಷ್ಟು ಸಲ ಬಳಸಿದರೆಂಬುದನ್ನು ನಿಮಿಷದಲ್ಲಿ ನಮಗೆ ತೋರಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅದೇ ವರ್ಷ, ಕಯ್ಯೂರಿನ ರೈತರ ಕಥೆಯನ್ನು 'ಚಿರಸ್ಮರಣೆ'ಯಲ್ಲಿ ಹೇಳಿದ ನಿರಂಜನರ 55 ಕೃತಿಗಳನ್ನು ಅವರ ಮನೆಯವರು ಹಾಗೆಯೇ ಕೊಟ್ಟರು. ವಿಶ್ವವಿದ್ಯಾನಿಲಯ ಕೊಟ್ಟಿತು, ಕಾದಂಬರಿಕಾರನ ಮನೆಯವರು ಕೊಟ್ಟರು, ನಿಘಂಟುಕಾರರು ಕೊಟ್ಟರು. ದಿನವೊಂದಕ್ಕೆ ಸಾವಿರಾರು ಸಾಲುಗಳ ಕನ್ನಡವನ್ನು ಉತ್ಪಾದಿಸುವ ನಾವು ಪತ್ರಿಕೆಯವರು, ಪ್ರಕಾಶಕರು, ಸರ್ಕಾರದ ಇಲಾಖೆಯವರು ಎಷ್ಟು ಕೊಟ್ಟೆವು? ಎಷ್ಟೋ ಕಚೇರಿಗಳಲ್ಲಿ ಹಳೆಯ ಆದೇಶಗಳು ಹಳೆಯ ಅಕ್ಷರಶೈಲಿಯಲ್ಲಿಯೇ ಬಿದ್ದಿವೆ. ಇಲ್ಲವೆ ಚಿತ್ರವಾಗಿ ಅಂತರಜಾಲಕ್ಕೆ ಏರಿವೆ. ಚಿತ್ರದಲ್ಲಿರುವುದನ್ನು ಮನುಷ್ಯನು ಓದಬಲ್ಲನೇ ಹೊರತು ಹುಡುಕಲಾರನು.

ಸುಮಾರು ಹತ್ತು ವರ್ಷಗಳ ಕೆಳಗೆ ಕೆಂಗೇರಿಯಲ್ಲಿ ವಾಸವಾಗಿದ್ದ ಒಬ್ಬ ತಂತ್ರಾಂಶದ ತರುಣರು ನಮ್ಮಲ್ಲಿಗೆ ಬಂದು, ನಿಮ್ಮ ಹಳೆಯ ಕಡತಗಳನ್ನು ಕೊಡಿ, ನಾವು ಕೆಲವರು ಸೇರಿ ಯೂನಿಕೋಡಿಗೆ ಪರಿವರ್ತಿಸಿ ಕೊಡುತ್ತೇವೆ, ಕಾಸು ಬೇಡವೆಂದರು. ನಾವು ಅವರನ್ನು ಅರ್ಧ ಗಂಟೆ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಳಗೆ ಕರೆದು, "ನಿಮಗೆ ಇದರಿಂದ ಏನು ಲಾಭ?" ಎಂದು ಕೇಳಿದೆವು. ಲಾಭವೇನೂ ಇಲ್ಲವೆಂದರು. ಲಾಭವಿಲ್ಲದೆ ಯಾರೂ ಏನನ್ನೂ ಮಾಡರೆಂಬ ವರ್ತಕಬುದ್ಧಿಯಿಂದ ನಾವು ಅವರನ್ನು ಸಂಶಯಿಸಿದೆವು. ಕಾಫಿಯನ್ನೂ ಕೊಡದೆ ಕಳುಹಿಸಿದೆವೆಂಬುದು ಈಗ ನೆನಪಾದರೆ ತಲೆ ತಗ್ಗುವುದು. ಆಗ ಆ ಬೀಗದ ಕೈ ಇನ್ನೂ ಕೆಲಸ ಮಾಡುತ್ತಿದ್ದಿತು! ಆ ತರುಣರು ಈಗ ಎಲ್ಲಿರುವರೋ ತಿಳಿಯದು. ಈ ಲೇಖನವು ಅವರ ಕಣ್ಣಿಗೆ ಬಿದ್ದರೆ, ಇದನ್ನೇ ನಮ್ಮ ಕ್ಷಮಾಯಾಚನೆಯೆಂದು ತಿಳಿಯಬೇಕು.

ನಮ್ಮ ಸಹೋದ್ಯೋಗಿಗಳು ಕೆಲವರು ಹೇಳುವುದನ್ನು ನಾವು ಬಲ್ಲೆವು. ಕಡತವೆಂದರೆ ಪತ್ರಿಕೆಯ ಆಸ್ತಿ, ಬಿಟ್ಟುಕೊಟ್ಟರೆ ಕೃತಕ ಬುದ್ಧಿಮತ್ತೆಯ ಕಂಪನಿಗಳು ನುಂಗಿ ಲಾಭ ಮಾಡಿಕೊಳ್ಳುವುವು ಎಂಬುದು ಅವರ ಆಕ್ಷೇಪ. ಇದು ಅಲ್ಲಗಳೆಯತಕ್ಕ ಮಾತಲ್ಲ. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು 2023ರ ಡಿಸೆಂಬರಿನಲ್ಲಿ, ನಮ್ಮ ದೇಶದ ಎ.ಎನ್.ಐ. ಸುದ್ದಿಸಂಸ್ಥೆಯು 2024ರ ನವೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ, ಓಪನ್‌ಎಐ ಕಂಪನಿಯ ಮೇಲೆ ಇದೇ ಕಾರಣಕ್ಕಾಗಿ ದಾವೆ ಹೂಡಿದವು. ಆದರೆ ಕಳ್ಳತನದ ದಾವೆ ಹೂಡುವುದಕ್ಕಾದರೂ ಕಳ್ಳನಿಗೆ ಓದಲು ಬರುವಂತಹ ಸೊತ್ತು ನಮ್ಮಲ್ಲಿರಬೇಕಷ್ಟೆ? ನಮ್ಮ ಕಪಾಟಿನಲ್ಲಿರುವುದನ್ನು ಕಳ್ಳನೂ ಓದಲಾರನು, ಒಡೆಯನೂ ಓದಲಾರನು. ಸಿ.ಡಿ.ಗಳಿಗೆ ಆಯುಷ್ಯವಿದೆ. ನೂರ ನಲವತ್ತರಲ್ಲಿ ಹನ್ನೊಂದು ಈಗಾಗಲೇ ತೆರೆಯುತ್ತಿಲ್ಲ. ಇನ್ನು ಹತ್ತು ವರ್ಷ ಕಾದರೆ ಆಸ್ತಿಯೆಂದು ಎಣಿಸಲು ಹೊಳೆಯುವ ತಟ್ಟೆಗಳು ಮಾತ್ರ ಉಳಿದಾವು.

ಕಾನೂನಿನ ತೊಡಕು ಮಾತ್ರ ನಿಜವಾದುದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಸಂಬಳದ ಪತ್ರಕರ್ತನು ಬರೆದುದರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಒಡೆಯನದು. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಉಳಿದ ಹಕ್ಕುಗಳು ಬರೆದವನವು. ಹೊರಗಿನ ಲೇಖಕರ ಕಥೆ, ಕವಿತೆ, ಅಂಕಣಗಳು ಸ್ಪಷ್ಟವಾಗಿ ಅವರವು. ಅವರು ಕಾಲವಾಗಿ ಅರವತ್ತು ವರ್ಷಗಳವರೆಗೆ ಅವರ ಮನೆಯವರವು. ಪರರ ಸೊತ್ತನ್ನು ದಾನ ಮಾಡಿ ಪುಣ್ಯ ಗಳಿಸುವ ಇಚ್ಛೆ ನಮಗಿಲ್ಲ. ಆದುದರಿಂದ ನಮ್ಮ ತೀರ್ಥರೂಪರೂ ನಾವೂ ಬರೆದ ಸಂಪಾದಕೀಯಗಳನ್ನು ಮೊದಲು ಬಿಡುತ್ತೇವೆ. ನಮ್ಮಲ್ಲಿ ದುಡಿದ, ದುಡಿಯುತ್ತಿರುವ ವರದಿಗಾರರಿಗೆ ಪತ್ರ ಬರೆದಿದ್ದೇವೆ. ಒಂಬತ್ತು ಮಂದಿ ಒಪ್ಪಿ ಸಹಿ ಹಾಕಿರುವರು, ಒಬ್ಬರು ಒಲ್ಲೆನೆಂದಿರುವರು. ಒಲ್ಲದವರ ಬರಹವನ್ನು ಪರಿವರ್ತಿಸಿ ಅವರ ಕೈಗೇ ಕೊಡಲಾಗುವುದು.

ತಂತ್ರಾಂಶದ ತರುಣ ತರುಣಿಯರಿಗೆ ಒಂದು ಮಾತು. ಅವರಿಗೆ ಬಿಡುವು ಹೇರಳವಾಗಿದೆಯೆಂಬ ಭ್ರಮೆ ನಮಗಿಲ್ಲ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗದ ಮೆಟ್ರೋ ರೈಲು ಕೆಂಗೇರಿಯ ಕಡೆಯಿಂದ ವೈಟ್‌ಫೀಲ್ಡಿನವರೆಗೆ ಒಂದೇ ಓಟದಲ್ಲಿ ಹೋಗುತ್ತಿದೆ. ಬೆಳಗ್ಗೆ ಅತ್ತಿಗುಪ್ಪೆಯಲ್ಲಿ ಹತ್ತಿದವರ ಮುಖಗಳನ್ನೂ ರಾತ್ರಿ ಅಲ್ಲಿಯೇ ಇಳಿಯುವ ಮುಖಗಳನ್ನೂ ನೋಡಿದವರಿಗೆ ಅವರ ದಿನದ ಉದ್ದವು ತಿಳಿಯುವುದು. ಇದು ಸಾಲದೆಂದು 2024ರ ಜುಲೈ ತಿಂಗಳಲ್ಲಿ ದಿನಕ್ಕೆ 14 ಗಂಟೆಗಳವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾಪವೂ ಬಂದು, ನೌಕರರ ಸಂಘದವರು ಅದನ್ನು ವಿರೋಧಿಸಬೇಕಾಯಿತು. ದಿನವೆಲ್ಲವನ್ನೂ ಕಂಪನಿಗೆ ಕೊಟ್ಟವನು ನಾಡಿಗೆ ಕೊಡಲು ಏನು ಉಳಿದೀತು? ಮೇಲೆ ಹೇಳಿದ ಆಚಾರವೆಲ್ಲವೂ ಸಂಜೆಯೆಂಬುದೊಂದು ಮಿಕ್ಕಿದ್ದರೆ ಮಾತ್ರ ನಡೆಯುವುದೆಂದು ಮಂತ್ರಿಗಳು ಗಮನಿಸಲಿ.

ನಾವು ಬೇಡುವುದು ಭಾನುವಾರದ ಎರಡು ಗಂಟೆ. ಪರಿವರ್ತಿಸುವ ಉಪಕರಣಗಳನ್ನು ನಿಮ್ಮಂಥವರೇ ಮಾಡಿಟ್ಟಿದ್ದಾರೆ. ಆದರೆ ನಮ್ಮ ಹಳೆಯ ತಂತ್ರಾಂಶದ ಫಲಕಗಳ ಕ್ರಮವು ಅವುಗಳಿಗೆ ಪೂರ್ತಿಯಾಗಿ ತಿಳಿಯದು; ಅದನ್ನು ಅಚ್ಚಾದ ಪುಟದ ಪಕ್ಕದಲ್ಲಿಟ್ಟು ಪತ್ತೆ ಹಚ್ಚಬೇಕು. ಅದಕ್ಕಿಂತಲೂ ಕಷ್ಟವಾದುದು ಅರ್ಕಾವೊತ್ತು. ಹಳೆಯ ಕ್ರಮದಲ್ಲಿ ಕಣ್ಣಿಗೆ ಕಂಡಂತೆ ಅದನ್ನು ಅಕ್ಷರದ ಹಿಂದೆ ಒತ್ತುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚಾರಕ್ಕೆ ತಕ್ಕಂತೆ ಮುಂದೆ ಬರಬೇಕು. ಸೂರ್ಯನೂ ಕಾರ್ಮಿಕನೂ ಧರ್ಮವೂ ಕರ್ನಾಟಕವೂ ಇದರಲ್ಲಿ ಸಿಕ್ಕಿ ನರಳುತ್ತಿವೆ. ಯಂತ್ರ ಮಾಡಿದುದನ್ನು ಕನ್ನಡ ಬಲ್ಲ ಕಣ್ಣೊಂದು ಓದಲೇಬೇಕು. ಇದಕ್ಕಾಗಿ ನಮ್ಮ ಅಚ್ಚುಕೂಟದಲ್ಲಿ ಮೂವತ್ತು ವರ್ಷ ಮೊಳೆ ಜೋಡಿಸಿ ನಿವೃತ್ತರಾದ, ಈಗ ಕಾಮಾಕ್ಷಿಪಾಳ್ಯದಲ್ಲಿರುವ ಹಿರಿಯರೊಬ್ಬರನ್ನು ಕರೆಸಿಕೊಂಡಿದ್ದೇವೆ. ಸೀಸದ ಮೊಳೆಗಳನ್ನು ಕನ್ನಡಿಯ ಬರಹದಂತೆ ತಿರುವುಮುರುವಾಗಿ ಓದಿ ಅಭ್ಯಾಸವಾದ ಅವರ ಕಣ್ಣಿಗೆ ತಪ್ಪೊಂದೂ ತಪ್ಪಿಸಿಕೊಳ್ಳಲಾರದು. "ಸ್ವಾಮಿ, ಆಗ ಒತ್ತು ಬಿಟ್ಟುಹೋದರೆ ನಿಮ್ಮ ತಂದೆಯವರು ಬೈಯುತ್ತಿದ್ದರು. ಈಗ ಈ ಯಂತ್ರವನ್ನು ಬೈಯುವವರು ಯಾರು?" ಎಂದು ಮೊದಲನೆಯ ದಿನವೇ ಕೇಳಿದರು.

ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ, ಹಿಂದೆ ಟ್ರೆಡಲ್ ಯಂತ್ರವಿದ್ದ ಕೆಳಗಿನ ಕೊಠಡಿಯನ್ನು ತೆರೆದಿಡಲಾಗಿದೆ. ಲ್ಯಾಪ್‌ಟಾಪನ್ನು ನೀವು ತರತಕ್ಕದ್ದು. ವಿದ್ಯುತ್ತೂ ಕಾಫಿಯೂ ನಮ್ಮವು. ತಿದ್ದಿ ಮುಗಿದ ಬರಹವನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಪ್ರಕಟಿಸಲಾಗುವುದು. ನಮ್ಮನ್ನು ಪ್ರಶ್ನೆ ಕೇಳಿದ ವಿಜಯನಗರದ ತರುಣನು ಪರೀಕ್ಷೆಯ ಓದಿನ ನಡುವೆಯೂ ಮೂರು ಭಾನುವಾರ ಬಂದು ಹೋಗಿರುವನು. 108 ದಿನಗಳಲ್ಲಿ ಈಗ ಹದಿನೇಳನೆಯ ದಿನದ ಪುಟವು ನಡೆಯುತ್ತಿದೆ.